ಎಂಟನೆಯ ಹೆಸರು

ಹತ್ತು ಗಂಟೆ ಹತ್ತು ನಿಮಿಷಕ್ಕೆ ಬರಬೇಕಾಗಿದ್ದ ಕರೆ ಹತ್ತೂವರೆಯಾದರೂ ಬರಲಿಲ್ಲ.

ಟಪಾಲು ಮಾವ ಫೋನನ್ನು ಕನ್ನಡಕದ ಡಬ್ಬಿಗೆ ಒರಗಿಸಿ, ಮೇಜಿನ ನಟ್ಟನಡುವೆ ನಿಲ್ಲಿಸಿಕೊಂಡು, ಹಿರಿಯರೊಬ್ಬರ ಎದುರು ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎರಡು ಸಲ ಎತ್ತಿ ನೋಡಿದರು. ಅದರಲ್ಲಿ ಜೀವವಿತ್ತು. ಸದ್ದೂ ಜೋರಾಗಿಯೇ ಇತ್ತು. ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು.

ಇದು ಪರೀಕ್ಷೆ ಎಂದು ಅವರಿಗೆ ಗೊತ್ತಿತ್ತು, ಇಟ್ಟವರೇ ಅವರು. ಕರೆ ಬಾರದಿದ್ದರೆ ಊಹೆ ಸರಿಯಾಯಿತೆಂದು ಸಂತೋಷಪಡಬೇಕು. ಆದರೆ ಮನಸ್ಸು ಆಗಲೇ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡು ಕಾಯುತ್ತಿತ್ತು. ಮೊಣಕಾಲು ನೋವು ಕಡಿಮೆಯಾಗಿದೆ ಎನ್ನಬೇಕು. ಮೆಟ್ಟಿಲ ಕೆಳಗೆ ಬೆಕ್ಕು ಮೂರು ಮರಿ ಹಾಕಿದೆ ಎನ್ನಬೇಕು. ಯಾರಿಗೆ? ಮುಖ ಕಂಡರಿಯದ ಯಾವುದೋ ದನಿಗೆ. ಅರವತ್ತಾರು ವರ್ಷದ ಮನುಷ್ಯನಿಗೆ ತನ್ನ ಆಸೆ ಕಂಡು ತನಗೇ ನಾಚಿಕೆಯಾಯಿತು.

ತಕ್ಕಡಿ ರಿಪೇರಿಯವರು ಹೀಗೆಯೇ ಕೂತಿರಬೇಕು ಎಂದುಕೊಂಡರು. ಅವರದು ಪರೀಕ್ಷೆಯಾಗಿರಲಿಲ್ಲ, ಅಷ್ಟೇ.

ಆ ಮನುಷ್ಯ ತನ್ನ ಬಾಡಿಗೆ ಕೋಣೆಯಲ್ಲಿ ಸತ್ತು ಮೂರು ದಿನವಾದ ಮೇಲೆ ಸಿಕ್ಕಿದ್ದರು. ಕುಶಲ ವಿಚಾರಿಸುವ ಸಂಘದ ಆ್ಯಪ್ ಮಾತ್ರ ಅವರೊಂದಿಗೆ ಹತ್ತೊಂಬತ್ತು ದಿನ ಬಿಡದೆ ಮಾತಾಡಿದ್ದೇವೆ ಎನ್ನುತ್ತಿತ್ತು.

ಸಂಘದ ಕೆಲಸ ಸರಳ. ಒಂಟಿಯಾಗಿರುವವರ ಹೆಸರುಗಳನ್ನು ಸ್ವಯಂಸೇವಕರಿಗೆ ಹಂಚಿರುತ್ತಾರೆ. ಒಬ್ಬೊಬ್ಬರ ಫೋನಿನಲ್ಲಿ ಹತ್ತು ಹೆಸರು, ಒಂದರ ಕೆಳಗೊಂದು. ಮೇಲಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿ ಹೇಗಿದ್ದೀರಿ ಎನ್ನುವುದು, ಮಾತು ಮುಗಿದ ಮೇಲೆ ಆ ಹೆಸರಿನ ಸಾಲನ್ನು ಬೆರಳಿನಿಂದ ಒತ್ತುವುದು. ಒತ್ತಿದರೆ ‘ಮಾತಾಡಿದೆ’ ಎಂದು ದಾಖಲಾಗಿ ಹೆಸರು ಮಾಯವಾಗುತ್ತದೆ, ಕೆಳಗಿನವರು ಒಂದು ಮೆಟ್ಟಿಲು ಮೇಲೆ ಬರುತ್ತಾರೆ. ಎರಡು ಸಲ ಕರೆ ಮಾಡಿದರೂ ಯಾರಾದರೂ ಎತ್ತದಿದ್ದರೆ ಸಂಘದವರು ಹೋಗಿ ಬಾಗಿಲು ತಟ್ಟಬೇಕು.

ತಕ್ಕಡಿಯವರ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮಾತಾಡಿದೆ ಎಂದು ಬರೆದಿರುವಾಗ ಯಾರು ತಟ್ಟುತ್ತಾರೆ?

ಅವರ ಹೆಸರು ಇದ್ದದ್ದು ಇಸ್ತ್ರಿ ಅಕ್ಕನ ಪಟ್ಟಿಯಲ್ಲಿ, ಎಂಟನೆಯ ಜಾಗದಲ್ಲಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವ, ನಲವತ್ತೆಂಟು ವರ್ಷದ ಒಂಟಿ ಹೆಂಗಸು. ಇವಳು ಕರೆ ಮಾಡದೆಯೇ ಸುಳ್ಳು ಗುರುತು ಹಾಕಿದಳು, ಅದರಿಂದಲೇ ಅಣ್ಣ ಹೆಣವಾಗಿ ಬಿದ್ದಿದ್ದರೂ ಯಾರಿಗೂ ತಿಳಿಯಲಿಲ್ಲ ಎಂದು ತಕ್ಕಡಿಯವರ ತಂಗಿ ಠಾಣೆಗೆ ಹೋಗಿದ್ದಳು. ತಾನು ಆರು ವರ್ಷದಿಂದ ಅಣ್ಣನ ಹೊಸ್ತಿಲು ತುಳಿದಿಲ್ಲ, ಮಾತೂ ಇರಲಿಲ್ಲ, ನೀವಾದರೂ ಮಾತಾಡುತ್ತೀರಿ ಎಂದು ನಂಬಿದ್ದೆ ಎಂದು ಅಲ್ಲಿ ಅತ್ತಳಂತೆ. ಇವತ್ತು ನಾಲ್ಕು ಗಂಟೆಗೆ ಸಂಘ ಬರಹದಲ್ಲಿ ಉತ್ತರ ಕೊಡಬೇಕು: ಸುಳ್ಳು ಬರೆದವರು ಯಾರು?

ಇಸ್ತ್ರಿ ಅಕ್ಕ ಎಂದು ಬರೆದರೆ ಅವಳ ಮೇಲೆ ಕೇಸು. ಆಸ್ಪತ್ರೆಯ ಕೆಲಸವೂ ಉಳಿಯುವುದಿಲ್ಲ.

ಹತ್ತು ಮೂವತ್ತೈದಕ್ಕೆ ಫೋನು ಹೊಡೆದುಕೊಂಡಿತು. ಟಪಾಲು ಮಾವ ಮೊದಲ ಗಂಟೆಗೇ ಎತ್ತಿದರು. ಅವರ ಸ್ವಂತ ಅಕ್ಕನ ಮಗಳು. ಸಂಘದ ಆ್ಯಪ್ ಮಾಡಿಕೊಟ್ಟವಳು ಅವಳೇ, ನಡೆದದ್ದೇನೆಂದು ನೋಡಿ ಎಂದು ಮಾವನನ್ನು ಕೇಳಿಕೊಂಡವಳೂ ಅವಳೇ.

“ಮಾವ, ಫೋನ್ ಬಂತಾ?”

“ನೀನು ಮಾಡಿದ್ದು ಬಂತು.”

ಇವತ್ತು ಬೆಳಿಗ್ಗೆ ಅವಳೇ ಆ ಎಂಟನೆಯ ಜಾಗದಲ್ಲಿ ಮಾವನ ಹೆಸರು ಸೇರಿಸಿದ್ದಳು. ಇಸ್ತ್ರಿ ಅಕ್ಕನಿಗೆ ಹೊಸಬರೊಬ್ಬರು ಬಂದಿದ್ದಾರೆ ಎಂದಷ್ಟೇ ಗೊತ್ತು.

“ನಿಮ್ಮ ಜೊತೆ ಮಾತಾಡಿದೀವಿ ಅಂತ ಇಲ್ಲಿ ಬಿದ್ದಿದೆ ಮಾವ. ಎಂಟು ಐವತ್ತೆಂಟಕ್ಕೆ.”

“ನಾನು ಏನಂದೆ ಅಂತೇನಾದ್ರೂ ಬರ್ದಿದೆಯಾ? ಚೆನ್ನಾಗಿದೀನಿ ಅಂದ್ನಾ?”

ಅವಳು ನಗಲಿಲ್ಲ. ಏಳನೆಯವರ ಗುರುತು ಬಿದ್ದದ್ದು ಎಂಟು ಐವತ್ತೆಂಟಕ್ಕೆ, ಎಂಟನೆಯ ಗುರುತು ಅದಾಗಿ ಒಂದೇ ಸೆಕೆಂಡಿಗೆ ಎಂದಳು. ತಕ್ಕಡಿಯವರದೂ ಹಾಗೆಯೇ, ಹೆಚ್ಚುಕಡಿಮೆ ದಿನವೂ ಏಳನೆಯವರ ಬೆನ್ನಿಗೇ. ಒಂದು ಸೆಕೆಂಡಿನಲ್ಲಿ ಯಾರು ಯಾರನ್ನು ವಿಚಾರಿಸಲು ಆಗುತ್ತದೆ?

ಆಸ್ಪತ್ರೆಯ ಹತ್ತಿರ ಬಾ ಎಂದು ಹೇಳಿ ಮಾವ ಚಪ್ಪಲಿ ಮೆಟ್ಟಿಕೊಂಡರು.

*

ದಾರಿಯಲ್ಲಿ ಅವರಿಗೆ ತಕ್ಕಡಿಯವರ ಕೋಣೆಯೇ ಕಣ್ಣ ಮುಂದೆ ಬರುತ್ತಿತ್ತು. ನಿನ್ನೆ ಅಲ್ಲಿ ಒಂದು ಗಂಟೆ ನಿಂತಿದ್ದರು.

ಕಿಟಕಿಯ ಕಟ್ಟೆಯ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳು, ದೊಡ್ಡದರಿಂದ ಸಣ್ಣದಕ್ಕೆ, ಮನೆಮಂದಿ ಫೋಟೋಕ್ಕೆ ನಿಂತ ಹಾಗೆ. ಗೋಡೆಗೆ ಒರಗಿ ಮಂಚ. ಮಂಚದ ತಲೆಯ ಕಡೆ, ಮೊಳೆಗೆ ಚುಚ್ಚಿದ ಉದ್ದನೆಯ ಕಾಗದದ ಚೀಟಿ. ಮೇಲೆ ‘ಹೇಳಬೇಕಾದ್ದು’ ಎಂದು ಬರೆದಿತ್ತು.

ದಿನಕ್ಕೊಂದು ಸಾಲು. ನಲ್ಲಿ ಸೋರುವುದು ನಿಂತಿತು. ಹಳೇ ಗಿರಾಕಿ ದಾರಿಯಲ್ಲಿ ಗುರುತು ಹಿಡಿದು ನಿಲ್ಲಿಸಿದ. ಕನಸಿನಲ್ಲಿ ಅಪ್ಪ ಬಂದು ಕತ್ತರಿ ಕೇಳಿದರು. ಹೇಳಿ ಮುಗಿದ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಿದ್ದರು. ತೂಕದ ಮನುಷ್ಯನ ಕೈ, ಗೆರೆ ಎಲ್ಲೂ ಓರೆಯಾಗಿರಲಿಲ್ಲ.

ಒಂದು ಕಡೆಯಿಂದ ಗೆರೆಗಳು ನಿಂತುಹೋಗಿದ್ದವು. ಅಲ್ಲಿಂದ ಹದಿನಾರು ಸಾಲು ಹೇಳದೆಯೇ ಉಳಿದಿದ್ದವು. ಆ ಹದಿನಾರರಲ್ಲಿ ಮೊದಲನೆಯದು ಹೀಗಿತ್ತು: ‘ಕೈ ವಿಚಾರ ಕೇಳಿದ್ದು ಹೆಚ್ಚಾಯಿತು. ತಪ್ಪಾಯಿತು ಅನ್ನಬೇಕು.’

ಯಾರ ಕೈ, ಎಂಥ ತಪ್ಪು, ಟಪಾಲು ಮಾವನಿಗೆ ತಿಳಿದಿರಲಿಲ್ಲ. ಆದರೆ ಕರೆ ಬಂದಿಲ್ಲ ಎನ್ನುವುದಕ್ಕೆ ಆ ಚೀಟಿಗಿಂತ ದೊಡ್ಡ ಸಾಕ್ಷಿ ಬೇಡವಾಗಿತ್ತು. ಸತ್ತವನು ಸುಳ್ಳು ಗೆರೆ ಎಳೆಯಲಿಲ್ಲ. ಹಾಗಾದರೆ ಬದುಕಿರುವವಳು ಎಳೆದಳೇ?

ಸಂಘದ ಕಾರ್ಯದರ್ಶಿಯಮ್ಮನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯಲ್ಲೇ ಅವರ ಕಚೇರಿ. ಮಾವ ಹೋಗಿ ಕೂತ ಕೂಡಲೇ ದಾಖಲೆಯ ಎರಡು ಹಾಳೆಗಳನ್ನು ಮುಂದಿಟ್ಟರು. ದಿನವೂ ಒಂದೊಂದು ಸೆಕೆಂಡಿನಲ್ಲಿ ಗುರುತು ಹಾಕಿದ್ದಾಳೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಇನ್ನೇನು ಬೇಕು ನಿಮಗೆ ಎಂದರು. ಹತ್ತು ಹೆಸರಿನಲ್ಲಿ ಒಂಬತ್ತು ಜನರಿಗೆ ಮನಸ್ಸಿಟ್ಟು ಕರೆ ಮಾಡುವವಳು ಒಬ್ಬರನ್ನೇ ಯಾಕೆ ಬಿಡುತ್ತಾಳೆ ಎಂದು ಮಾವ ಕೇಳಿದರು. ಏನೋ ಮನಸ್ತಾಪ ಇರಬೇಕು ಎಂದರು ಕಾರ್ಯದರ್ಶಿಯಮ್ಮ.

ಕೆಟ್ಟ ಹೆಂಗಸಲ್ಲ ಅವರು. ಇನ್ನೂರು ಜನ ಒಂಟಿಗಳ ಭಾರ ಹೊತ್ತವರು. ಸಂಘದ ಹೆಸರು ಹಾಳಾದರೆ ನಾಳೆಯಿಂದ ಅಷ್ಟೂ ಫೋನುಗಳು ಸುಮ್ಮನಾಗುತ್ತವೆ ಎಂದು ಅವರಿಗೆ ಹೆದರಿಕೆ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ ತಾಯಿ,” ಎಂದರು ಮಾವ. “ನಾಲ್ಕು ಗಂಟೆ ತನಕ ನನ್ನ ಕೈಗೆ ಬಿಡಿ. ಬರೆಯೋದನ್ನ ನಾನೇ ಬರೀತೀನಿ.”

ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು.

*

ಬಟ್ಟೆ ಒಗೆಯುವ ವಿಭಾಗಕ್ಕೆ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಮೇಲಿನ ಬೆಳಕು ಹನ್ನೆರಡನೇ ಮೆಟ್ಟಿಲಿಗೆ ಮುಗಿಯುತ್ತದೆ. ಕೆಳಗೆ ಹಬೆ, ಸೋಪಿನ ವಾಸನೆ, ಗೋಡೆಯ ಎತ್ತರಕ್ಕೆ ಪೇರಿಸಿದ ಬಿಳಿ ಹಾಸುಗಳು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅಲ್ಲಿನವರು ಮಾತನ್ನೇ ಬಿಟ್ಟಂತಿದ್ದರು.

ಇಸ್ತ್ರಿ ಅಕ್ಕ ಅವರನ್ನು ಕಂಡು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಬಂದಳು. ಅವಳ ಬಲಗೈ ಹೆಬ್ಬೆರಳು, ತೋರುಬೆರಳು ಬಿಸಿಗೆ ಸವೆದು ನಯವಾಗಿದ್ದವು. ಮಣಿಕಟ್ಟಿನ ಮೇಲೆ ಒಂದು ಸುಟ್ಟ ಕಲೆ, ಈಚೆಗೆ ಆರಿದ್ದು.

ಮಾವ ಅವಳನ್ನು ಏನೂ ಆಪಾದಿಸಲಿಲ್ಲ. ನಿನ್ನ ಬೆಳಗಿನ ದಿನಚರಿ ಹೇಳು ಎಂದರು.

ಅವಳು ಹೇಳಿದಳು. ಏಳೂವರೆಗೆ ಮನೆ ಬಿಡುವುದು. ನಡೆಯುತ್ತ ಮೂವರು, ಬಸ್ಸಿನಲ್ಲಿ ಇಬ್ಬರು, ಆಸ್ಪತ್ರೆಯ ಗೇಟಿನ ಹತ್ತಿರ ಆರನೆಯವರು. ಏಳನೆಯದು ಒಬ್ಬ ಅಜ್ಜಿ; ಫೋನು ಹಿಡಿದರೆ ಬಿಡುವವಳಲ್ಲ. ಅಜ್ಜಿಯ ಮಾತು ಕೇಳುತ್ತಲೇ ಮೆಟ್ಟಿಲಿಳಿದು ತನ್ನ ಬೀರುವಿನ ಹತ್ತಿರ ಬರುತ್ತಾಳೆ, ಅಲ್ಲಿ ಕರೆ ಮುಗಿಯುತ್ತದೆ. ಅಜ್ಜಿಯ ಸಾಲು ಒತ್ತಿ ಕೆಲಸಕ್ಕೆ ನಿಲ್ಲುತ್ತಾಳೆ. ಉಳಿದವರಿಗೆ ಹತ್ತು ಗಂಟೆಯ ಚಹಾದ ಬಿಡುವಿನಲ್ಲಿ, ಮೇಲೆ ಅಂಗಳಕ್ಕೆ ಹೋಗಿ.

“ಬೀರು ಎಲ್ಲಿದೆ?” ಎಂದು ಮಾವನ ಜೊತೆ ಇಳಿದು ಬಂದಿದ್ದ ಅಕ್ಕನ ಮಗಳು ಕೇಳಿದಳು.

ಮೂಲೆಯಲ್ಲಿತ್ತು, ನೀರಿನ ಕೊಳವೆಗಳ ಹಿಂದೆ. ಅಕ್ಕನ ಮಗಳು ತನ್ನ ಫೋನು ನೋಡಿದಳು. ನೆಟ್‌ವರ್ಕಿನ ಗೆರೆ ಒಂದೇ ಒಂದು, ಅದೂ ಬಂದು ಹೋಗುತ್ತಿತ್ತು. ಅವಳ ಮುಖ ಬಣ್ಣಗೆಟ್ಟಿತು. ಅಲ್ಲೇ ನಿಂತು ಇಸ್ತ್ರಿ ಅಕ್ಕನ ಫೋನಿನಲ್ಲಿ ಒಂದು ಸುಳ್ಳು ಪಟ್ಟಿ ಮಾಡಿಕೊಟ್ಟಳು. ಹೆಸರುಗಳ ಬದಲು ಏಳು, ಎಂಟು, ಒಂಬತ್ತು, ಹತ್ತು ಎಂದಿಷ್ಟೇ. ದಿನಾ ಅಜ್ಜಿಯ ಸಾಲು ಒತ್ತುವ ಹಾಗೆ ಒತ್ತಿ ಎಂದಳು.

ಇಸ್ತ್ರಿ ಅಕ್ಕ ‘ಏಳು’ ಒತ್ತಿದಳು. ಏನೂ ಆಗಲಿಲ್ಲ. ಏಳು ಅಲ್ಲೇ ಇತ್ತು.

ಯಾರಾದರೂ ಮಾಡುವುದನ್ನೇ ಅವಳು ಮಾಡಿದಳು. ಇನ್ನೊಂದು ಸಲ ಒತ್ತಿದಳು.

ಮೂವರೂ ಕಾದರು. ಹಬೆಯ ಯಂತ್ರವೊಂದು ಉಸಿರು ಬಿಟ್ಟಿತು. ಆಮೇಲೆ ‘ಏಳು’ ಮಾಯವಾಯಿತು. ‘ಎಂಟು’ ಮೇಲಕ್ಕೆ ಬಂತು, ಬಂದದ್ದೇ ಅದೂ ಮಾಯವಾಯಿತು. ಈಗ ಮೇಲೆ ‘ಒಂಬತ್ತು’ ಕೂತಿತ್ತು.

“ನೋಡಿ,” ಎಂದಳು ಇಸ್ತ್ರಿ ಅಕ್ಕ ಮೆಲ್ಲಗೆ. “ಇವರೂ ಬೇಡ ಅಂದ್ರು.”

ಅಕ್ಕನ ಮಗಳು ತಲೆಯೆತ್ತಿದಳು. “ಯಾರು ಬೇಡ ಅಂದ್ರು?”

ಆಗ ಹೊರಬಂತು. ಆ್ಯಪ್‌ನಲ್ಲಿ ಇನ್ನೊಂದು ಸೌಕರ್ಯವಿದೆ. ಕರೆ ಪಡೆಯುವವರಿಗೆ ಮೈ ಹುಷಾರಿಲ್ಲದಿದ್ದರೋ ನೆಂಟರು ಬಂದಿದ್ದರೋ ತಮ್ಮ ಫೋನಿನಲ್ಲಿ ‘ಇವತ್ತು ಬೇಡ’ ಎಂದು ಒತ್ತಬಹುದು. ಒತ್ತಿದರೆ ಕರೆ ಮಾಡುವವರ ಪಟ್ಟಿಯಿಂದ ಆ ದಿನಕ್ಕೆ ಅವರ ಹೆಸರು ಹೋಗುತ್ತದೆ. ಅಜ್ಜಿಯ ಸಾಲು ಒತ್ತಿದ ಬೆನ್ನಿಗೇ ತಕ್ಕಡಿಯವರ ಹೆಸರು ಮಾಯವಾಗುವುದನ್ನು ದಿನವೂ ಕಣ್ಣಾರೆ ಕಂಡ ಇಸ್ತ್ರಿ ಅಕ್ಕ, ಅವರೇ ಬೇಡವೆನ್ನುತ್ತಿದ್ದಾರೆ ಎಂದುಕೊಂಡಿದ್ದಳು.

“ಯಾರನ್ನಾದ್ರೂ ಕೇಳಬಾರದಿತ್ತಾ ತಾಯಿ?”

“ಏನಂತ ಕೇಳಲಿ ಮಾವ? ಒಬ್ಬರಿಗೆ ನನ್ನ ಮಾತು ಬೇಡವಾಗಿದೆ ಅಂತ ಊರೆಲ್ಲಾ ಹೇಳ್ಕೊಂಡು ಬರಲಾ?”

ಅವಳು ಸುಟ್ಟ ಕಲೆಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಮಾತು ನಿಲ್ಲುವ ಹಿಂದಿನ ದಿನ ತಕ್ಕಡಿಯವರು ಕೈಯ ಗಾಯ ಮಾಗಿತೇ ಎಂದು ವಿಚಾರಿಸಿದ್ದರಂತೆ. ಅವತ್ತು ಮೇಲಿನವರು ಬೈದಿದ್ದರು, ಬಸ್ಸು ತಪ್ಪಿತ್ತು. ನಿಮಗ್ಯಾಕೆ ಅದೆಲ್ಲ ಎಂದುಬಿಟ್ಟಳು. ಸರಿ ಎಂದು ಅವರು ಇಟ್ಟರು. ಮರುದಿನದಿಂದ ಹೆಸರು ಮಾಯವಾಗತೊಡಗಿತು. ಕೇಳಲು ಬಾಯೆಲ್ಲಿ? ಪಟ್ಟಿಯ ಹೊರಗೆ ಕರೆ ಮಾಡಲು ಅವರ ನಂಬರೂ ಅವಳಿಗೆ ಕಾಣುತ್ತಿರಲಿಲ್ಲ.

ಟಪಾಲು ಮಾವ ಚೀಟಿಯಲ್ಲಿದ್ದ ಸಾಲನ್ನು ಹೇಳಿದರು. ಅಕ್ಷರ ಬಿಡದೆ ಹೇಳಿದರು. ತಪ್ಪಾಯಿತು ಅನ್ನಬೇಕು.

ಅವಳು ಅಳಲಿಲ್ಲ. ಪಕ್ಕದಲ್ಲಿದ್ದ ಹಾಸೊಂದನ್ನು ಎತ್ತಿ, ಮಡಿಸಿದ್ದನ್ನೇ ಬಿಚ್ಚಿ, ಮತ್ತೆ ಮಡಿಸಿದಳು. ಒಬ್ಬರು ಮೇಲೆ ತಮ್ಮ ಕೋಣೆಯಲ್ಲಿ, ಒಬ್ಬರು ಇಲ್ಲಿ ಕೆಳಗೆ, ಇಬ್ಬರೂ ಫೋನು ಹಿಡಿದುಕೊಂಡು, ತನ್ನಿಂದಲೇ ತಪ್ಪಾಯಿತೆಂದು ಅಷ್ಟು ದಿನ ಕಳೆದರು. ನಡುವೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲು. ದೇವರು ಎಲ್ಲವನ್ನೂ ನೋಡುತ್ತಾನೆ ಎನ್ನುತ್ತಾರೆ. ನೋಡುತ್ತ ಸುಮ್ಮನಿರುವುದು ಅವನಿಗೂ ಎಷ್ಟು ಕಷ್ಟವೋ ಎಂದು ಮಾವನಿಗೆ ಅನಿಸಿತು.

ಅಕ್ಕನ ಮಗಳು ಕೊಳವೆಗೆ ಒರಗಿ ನಿಂತಿದ್ದಳು.

“ತಪ್ಪು ನಂದು,” ಎಂದಳು. “ನಿಮ್ಮ ಬೆರಳು ಯಾವ ಹೆಸರಿನ ಮೇಲೆ ಬಿತ್ತು ಅಂತ ಆ್ಯಪ್‌ಗೆ ಗೊತ್ತಾಗಲ್ಲ. ಮೇಲಿನ ಸಾಲಿನ ಮೇಲೆ ಬಿತ್ತು ಅಂತ ಅಷ್ಟೇ ಗೊತ್ತಾಗೋದು. ನಾನು ಹಾಗೆ ಬರ್ದಿದೀನಿ.”

ಮೊದಲು ಹಾಗಿರಲಿಲ್ಲ. ಗುರುತು ಹಾಕಿದ ಹೆಸರು ಬೂದು ಬಣ್ಣವಾಗಿ ಅಲ್ಲೇ ಉಳಿಯುತ್ತಿತ್ತು. ಎರಡು ಸಲ ಒತ್ತಿದರೂ ಹತ್ತು ಸಲ ಒತ್ತಿದರೂ ಅದೇ ಹೆಸರು. ಪಟ್ಟಿ ಉದ್ದವಾಯಿತು, ಮುಗಿದವರು ಕಣ್ಣೆದುರು ಯಾಕೆ ಎಂದು ಕೆಲವರು ಅಂದದ್ದಕ್ಕೆ ಅವಳು ಈಚೆಗೆ ಅದನ್ನು ಬದಲಾಯಿಸಿದ್ದಳು. ಮುಗಿದ ಸಾಲು ಮಾಯವಾಗಿ ಕೆಳಗಿನದು ಅದೇ ಜಾಗಕ್ಕೆ ಬರುವಂತೆ. ನೆಟ್‌ವರ್ಕ್ ಚೆನ್ನಾಗಿದ್ದ ಕಡೆ ಏನೂ ತೊಂದರೆಯಿಲ್ಲ. ಇಲ್ಲಿ ಮಾತ್ರ ಮೊದಲ ಒತ್ತು ಬಾಗಿಲಲ್ಲೇ ಕಾಯುತ್ತಿತ್ತು, ಎರಡನೆಯದು ಅದರ ಹಿಂದೆ ನಿಲ್ಲುತ್ತಿತ್ತು. ಮೊದಲನೆಯದು ಅಜ್ಜಿಯನ್ನು ಕಳಿಸುತ್ತಿತ್ತು, ಎರಡನೆಯದು ಅಜ್ಜಿಯ ಜಾಗದಲ್ಲಿ ಆಗ ಯಾರಿದ್ದರೋ ಅವರನ್ನು.

ಬದಲಾಯಿಸಿದ್ದು ಯಾವತ್ತು ಎಂದು ಮಾವ ಕೇಳಿದರು. ಅವಳು ದಿನ ಹೇಳಿದಳು. ಚೀಟಿಯಲ್ಲಿ ಗೆರೆ ನಿಂತ ದಿನವೇ ಅದು.

ಟಪಾಲು ಮಾವನಿಗೆ ಆಶ್ಚರ್ಯವಾಗಲಿಲ್ಲ. ಮೂವತ್ತೆಂಟು ವರ್ಷ ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಒಂದು ಸಲ ಬಡಗಿಯೊಬ್ಬ ರಿಪೇರಿಗೆಂದು ಕಾಗದ ಹಾಕುವ ಗೂಡುಗಳ ಒಂದು ಸಾಲನ್ನು ಕಿತ್ತು ಉಳಿದವನ್ನೆಲ್ಲ ಒಂದು ಸಾಲು ಮೇಲಕ್ಕೆ ಸರಿಸಿದ್ದ. ಗೂಡಿನ ಮೇಲಿನ ಹೆಸರುಗಳನ್ನೂ ಸರಿಯಾಗಿಯೇ ಅಂಟಿಸಿದ್ದ. ಆದರೂ ಅವತ್ತು ಒಂದು ಬೀದಿಯ ಕಾಗದಗಳೆಲ್ಲ ಇನ್ನೊಂದು ಬೀದಿಗೆ ಹೋದವು. ವಿಂಗಡಿಸಿದ್ದು ಅವರೇ, ಕಣ್ಣು ಬಿಟ್ಟುಕೊಂಡೇ.

“ಕೈಗೆ ಓದೋಕೆ ಬರಲ್ಲ ಮಗಳೇ,” ಎಂದರು. “ಅದಕ್ಕೆ ಗೊತ್ತಿರೋದು ಜಾಗ ಮಾತ್ರ. ಓದೋ ಕೆಲಸ ಗೂಡು ಮಾಡಬೇಕು.”

ಒಂದೊಂದು ಸಾಲಿಗೂ ಅದರದೇ ಹೆಸರು ಕಟ್ಟಬೇಕು, ಒಮ್ಮೆ ಮುಟ್ಟಿದ ಸಾಲು ಉತ್ತರ ಬರುವ ತನಕ ಇನ್ನೊಂದು ಒತ್ತಿಗೆ ಕಿವುಡಾಗಬೇಕು. ಇವತ್ತೇ ಮಾಡುತ್ತೇನೆ ಎಂದಳು ಅಕ್ಕನ ಮಗಳು. ಮಾಡು ಎಂದರು ಮಾವ. ಅವಳು ಮೆಟ್ಟಿಲು ಹತ್ತಿ ಹೋದಳು, ಗೋಡೆ ಹಿಡಿದುಕೊಂಡು.

*

ಮೂರೂವರೆಗೆ ಟಪಾಲು ಮಾವ ಎರಡನೇ ಮಹಡಿಯ ಕಚೇರಿಯಲ್ಲಿ ಬರೆಯಲು ಕೂತರು. ಇಸ್ತ್ರಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡಿದ್ದರು. ಕಾರ್ಯದರ್ಶಿಯಮ್ಮ ತಕ್ಕಡಿಯವರ ತಂಗಿಯನ್ನು ಕರೆತರಲು ಕೆಳಗೆ ಹೋಗಿದ್ದರು.

ನಡೆದದ್ದನ್ನು ನಡೆದ ಹಾಗೆ ಬರೆದರು. ಯಾರೂ ಸುಳ್ಳು ಹೇಳಿಲ್ಲ, ಪಟ್ಟಿ ಬೆರಳನ್ನು ತಪ್ಪಾಗಿ ಕೇಳಿಸಿಕೊಂಡಿದೆ ಎಂಬರ್ಥ ಬರುವ ಹಾಗೆ. ಒಂದು ಪುಟ ತುಂಬಿತು. ಇಸ್ತ್ರಿ ಅಕ್ಕ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಇನ್ನೇನು ಸಹಿ ಹಾಕಬೇಕು. ಮಾವ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

ದಾಖಲೆಯ ಹಾಳೆಯ ಒಂದು ಸಾಲನ್ನು ಅವರು ಬೆಳಿಗ್ಗೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಸಹಿ ಹಾಕುವ ಮುನ್ನ ಕೇಳಲೇಬೇಕಾಗಿತ್ತು. ಕೇಳಿದರೆ ಇಷ್ಟು ಹೊತ್ತು ಕಟ್ಟಿದ್ದು ಕುಸಿಯಬಹುದೆಂದೂ ಗೊತ್ತಿತ್ತು.

“ಹತ್ತೊಂಬತ್ತನೇ ದಿನ, ಅವರು ಸಿಕ್ಕೋ ಹಿಂದಿನ ದಿನ, ನೀನು ಕೆಲಸಕ್ಕೆ ಹೋಗಿದ್ಯಾ ತಾಯಿ?”

ಲೋಟ ಅಲುಗಲಿಲ್ಲ. ಅವತ್ತು ಬಾಯ್ಲರ್ ಕೆಟ್ಟಿತ್ತು, ಎಲ್ಲರಿಗೂ ರಜೆ ಕೊಟ್ಟಿದ್ದರು ಎಂದಳು.

“ಅಂದ್ರೆ ಅಜ್ಜಿ ಸಾಲು ಒತ್ತಿದ್ದು ಮನೇಲಿ.”

“ಹೌದು. ಕಿಟಕಿ ಹತ್ರ.”

“ಅಲ್ಲಿ ನೆಟ್‌ವರ್ಕ್?”

“ಚೆನ್ನಾಗಿರುತ್ತೆ.”

ಮಾವ ಜೇಬಿನಿಂದ ಹಾಳೆ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಹದಿನೆಂಟು ದಿನ ಒಂದು ಸೆಕೆಂಡು, ಹೆಚ್ಚೆಂದರೆ ಎರಡು. ಹತ್ತೊಂಬತ್ತನೆಯ ದಿನ ಏಳನೆಯ ಗುರುತು ಎಂಟು ಐವತ್ತೊಂದಕ್ಕೆ. ಎಂಟನೆಯದು ಒಂಬತ್ತು ಏಳಕ್ಕೆ. ನಡುವೆ ಹದಿನಾರು ನಿಮಿಷ.

“ಅವತ್ತು ಬೆರಳು ಎರಡು ಸಲ ಬಿದ್ದಿಲ್ಲ,” ಎಂದರು. “ಎಂಟನೇ ಹೆಸರು ಅಲ್ಲೇ ಉಳೀತು. ನಿನ್ನ ಕಣ್ಣಿಗೆ ಬಿತ್ತು. ಹದಿನಾರು ನಿಮಿಷ ಆದ್ಮೇಲೆ ನೀನೇ ಅದನ್ನ ಒತ್ತಿದೀಯ.”

ಅವಳು ಬಾಗಿಲ ಕಡೆ ನೋಡಿದಳು.

“ವೈದ್ಯರ ಲೆಕ್ಕದಲ್ಲಿ ಅವತ್ತಿಗೆ ಅವರು ಹೋಗಿ ಎರಡು ದಿನ ಆಗಿತ್ತು ತಾಯಿ. ಯಾರ ಜೊತೆ ಮಾತಾಡಿದೆ?”

ಹೊರಗೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದರು. ಆ ಸದ್ದು ಕಾರಿಡಾರಿನ ಕೊನೆ ಮುಟ್ಟುವ ತನಕ ಅವಳು ಕಾದಳು.

“ಹೆಸರು ಅಲ್ಲೇ ಇತ್ತು ಮಾವ. ಇವತ್ತು ಬೇಡ ಅಂದಿಲ್ಲವಲ್ಲ ಅಂತ. ಫೋನ್ ಮಾಡಿದೆ. ಎತ್ತಿದ್ರು.”

“ಯಾರು?”

“ಹೆಂಗಸು.”

ಮುಂದಿನದನ್ನು ಅವಳು ತಡೆದು ತಡೆದು ಹೇಳಿದಳು. ಆ ಹೆಂಗಸು ನೀನು ಯಾರು ಎಂದು ಕೇಳಿದಳಂತೆ. ದಿನಾ ವಿಚಾರಿಸುವವಳು ಎಂದು ಇಸ್ತ್ರಿ ಅಕ್ಕ ಹೇಳಿದಳು. ಆಮೇಲೆ ಆ ಹೆಂಗಸು ಕೇಳತೊಡಗಿದಳು. ಅವನು ದಿನಾ ಏನು ಮಾತಾಡುತ್ತಿದ್ದ? ನಗುತ್ತಿದ್ದನೇ? ತನ್ನ ವಿಚಾರ ಏನಾದರೂ ಹೇಳುತ್ತಿದ್ದನೇ? ಇಲ್ಲ ಎಂದು ಇಸ್ತ್ರಿ ಅಕ್ಕ ನಿಜವನ್ನೇ ಹೇಳಿದಳು. ಒಂದು ಸಲವೂ ಇಲ್ಲವೇ ಎಂದು ಆ ದನಿ ಮತ್ತೆ ಕೇಳಿತು. ಬೇರೆ ಬೇರೆ ರೀತಿಯಲ್ಲಿ ಅದನ್ನೇ ಕೇಳಿತು.

“ಅವರ ಕೈಗೆ ಫೋನ್ ಕೊಡಿ ಅಂದೆ. ಕೈ ವಾಸಿಯಾಗಿದೆ ಅಂತ ಒಂದು ಮಾತು ಹೇಳ್ಬೇಕಿತ್ತು ನನಗೆ.” ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. “ಮಲಗಿದಾನೆ, ಎಬ್ಬಿಸಲ್ಲ ಅಂದ್ರು. ನಾನು ಬಂದಿದ್ದೆ ಅಂತ ಯಾರಿಗೂ ಹೇಳಬೇಡ, ನಿನ್ನ ದೇವರ ಆಣೆ ಅಂದ್ರು.”

“ಯಾಕೆ ಮುಚ್ಚಿಟ್ಟೆ?”

“ಆಣೆ ಹಾಕಿದ್ರಲ್ಲ. ಮರುದಿನ ಅವರು ಸಿಕ್ಕಿದ್ರು ಅಂತ ಕೇಳಿದ್ಮೇಲೆ ಭಯ ಆಯ್ತು. ಸತ್ತವರ ಮನೆಯಿಂದ ಮಾತು ಬಂತು ಅಂದ್ರೆ ಯಾರು ನಂಬ್ತಾರೆ? ಸುಳ್ಳು ಬರೆದಳು ಅಂತಲೇ ಇರಲಿ ಅಂದ್ಕೊಂಡೆ.”

ಟಪಾಲು ಮಾವ ತಾವು ಬರೆದ ಪುಟವನ್ನು ನೋಡಿದರು. ಇದಕ್ಕೆ ಹೀಗೆಯೇ ಸಹಿ ಹಾಕಿದರೆ ಇವಳು ಮನೆಗೆ ಹೋಗುತ್ತಾಳೆ. ಹದಿನೆಂಟರ ಜೊತೆ ಇನ್ನೊಂದು ಸೇರಿಕೊಂಡರೆ ಯಾರೂ ಎಣಿಸುವುದಿಲ್ಲ. ಹತ್ತೊಂಬತ್ತನೆಯದನ್ನು ಬೇರೆ ಬರೆದರೆ, ಹೆಣದ ಪಕ್ಕ ಕೂತವಳೊಬ್ಬಳಿದ್ದಾಳೆ ಎಂದಾಗುತ್ತದೆ. ಅದನ್ನು ಬಲ್ಲವಳು ಇವಳೊಬ್ಬಳೇ ಎಂದೂ ಆಗುತ್ತದೆ. ಪೊಲೀಸರು ಮೊದಲು ಯಾರನ್ನು ಹಿಡಿಯುತ್ತಾರೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಮನಸ್ಸಿನಲ್ಲೇ ಭಗವಂತನ ಹೆಸರು ಹೇಳಿಕೊಂಡರು. ದಾರಿ ತೋರಿಸು ಎಂದು ಕೇಳಲಿಲ್ಲ. ಜೊತೆಗಿರು ಎಂದಷ್ಟೇ ಕೇಳಿದರು. ಪೆನ್ನು ತೆಗೆದರು.

ಬಾಗಿಲು ತೆರೆಯಿತು. ಕಾರ್ಯದರ್ಶಿಯಮ್ಮನ ಹಿಂದೆ ಬೂದು ಸೀರೆಯ, ಐವತ್ತು ದಾಟಿದ ಹೆಂಗಸೊಬ್ಬಳು ಒಳಗೆ ಬಂದಳು. ಅತ್ತು ಊದಿದ ಕಣ್ಣು. ತಕ್ಕಡಿಯವರ ತಂಗಿ. ಇಸ್ತ್ರಿ ಅಕ್ಕನನ್ನು ಅವಳು ಹಿಂದೆಂದೂ ನೋಡಿರಲಿಲ್ಲ, ಇಸ್ತ್ರಿ ಅಕ್ಕನೂ ಅವಳನ್ನು. ತಂಗಿ ಕೋಣೆಯಲ್ಲಿ ಇನ್ನೊಬ್ಬರಿರುವುದನ್ನು ಕಂಡು ಒಂದು ಕ್ಷಣ ತಡೆದು, ಮೆಲುದನಿಯಲ್ಲಿ ಕೇಳಿದಳು.

“ನಾನು ಇಲ್ಲಿ ಕೂತ್ಕೋಬಹುದಾ?”

ಅಷ್ಟೇ ಮಾತು.

ಇಸ್ತ್ರಿ ಅಕ್ಕನ ಬೆನ್ನು ನೆಟ್ಟಗಾಯಿತು. ಅವಳು ತಿರುಗಲಿಲ್ಲ, ಕಣ್ಣು ಮುಚ್ಚಿ, ದನಿಯನ್ನಷ್ಟೇ ಕೇಳಿಸಿಕೊಳ್ಳುವವಳ ಹಾಗೆ ತಲೆ ಓರೆ ಮಾಡಿದಳು. ಅವಳ ಮುಖದಲ್ಲಿ ಏನು ಬಂತು, ಏನು ಹೋಯಿತು ಎಂದು ಟಪಾಲು ಮಾವನೊಬ್ಬರೇ ನೋಡಿದರು. ಅವಳು ಕಣ್ಣು ತೆರೆದಾಗ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು.

ಅವಳು ಎದ್ದಳು. ನಿಧಾನವಾಗಿ ಆ ಹೆಂಗಸಿನ ಕಡೆ ತಿರುಗಿ, ಬೆಳಗಿನ ಹೊತ್ತು ಒಬ್ಬೊಬ್ಬರನ್ನೂ ವಿಚಾರಿಸುವ ಅದೇ ಮೆತ್ತನೆಯ ದನಿಯಲ್ಲಿ ಕೇಳಿದಳು.

“ಅವರು ಎದ್ರಾ ಅಮ್ಮಾ?”

ಕುರ್ಚಿ ಎಳೆಯುತ್ತಿದ್ದ ತಂಗಿಯ ಕೈ ಅಲ್ಲೇ ನಿಂತಿತು.